ಚೀಟಿ ಇಲ್ಲದ ಡಿಸ್ಕ್

“ಚೀಟಿ ಇಲ್ಲದ್ದೆಲ್ಲ ಖಾಲಿ ಅಂತ ನೀವೇ ತಾನೆ ಹೇಳಿದ್ದು, ಭಾವ?”

ಬಾಮೈದ ಕೇಳಿದ. ಫೋಟೋಗ್ರಾಫರನ ಕೈಯಲ್ಲಿ ಆ ಡಿಸ್ಕ್ ಇತ್ತು. ಅಂಗೈಯಗಲದ ಕಪ್ಪು ಡಬ್ಬಿ, ಒಂದು ಮೂಲೆ ತುಸು ಜಜ್ಜಿದ್ದು. ಈಗಷ್ಟೇ ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿದಾಗ ಪರದೆಯ ಮೇಲೆ ಯಾರದೋ ಮನೆಯ ಮದುಮಗಳು ಬಂದು ನಾಚಿಕೊಂಡು ನಕ್ಕಿದ್ದಳು. ಅಲ್ಲಿ ಬರಬೇಕಾಗಿದ್ದವಳು ಅವನ ಹೆಂಡತಿ. ಅವಳು ತೀರಿಕೊಂಡ ಮೇಲೆ, ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ಸ್ಟುಡಿಯೋದ ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು ಅವನು ನೋಡುತ್ತಿದ್ದದ್ದು ಇದೊಂದನ್ನೇ. ಹೊರಗೆ ಕೂತು ಮದುವೆಗಳನ್ನು ಕತ್ತರಿಸಿ ಜೋಡಿಸುವ ಬಾಮೈದ, ಭಾವ ಒಂದು ಕೋಳಿನಿದ್ದೆ ತೆಗೆಯುತ್ತಿದ್ದಾರೆ ಅಂತಲೇ ತಿಳಿದಿದ್ದ.

ನಿಯಮ ಮಾಡಿದವನು ಫೋಟೋಗ್ರಾಫರೇ. ಮದುವೆ ತುಂಬಿದ ಡಿಸ್ಕಿಗೆ ಆ ಮನೆಯವರ ಹೆಸರಿನ ಚೀಟಿ. ಚೀಟಿ ಇಲ್ಲದ್ದು ಖಾಲಿ, ಯಾರು ಬೇಕಾದರೂ ಎತ್ತಿ ಬಳಸಬಹುದು. ತನ್ನದಕ್ಕೆ ಮಾತ್ರ ಅವನು ಚೀಟಿ ಅಂಟಿಸಿರಲಿಲ್ಲ. ತನ್ನ ಮನೆಯ ಬಾಗಿಲಿಗೆ ಯಾರಾದರೂ ‘ಇದು ನಮ್ಮನೆ’ ಅಂತ ಬರೆದುಕೊಂಡಾರೆಯೇ?

ಮೊದಲಾಗಿದ್ದರೆ ಬಾಮೈದ ಕಪಾಟಿನ ಹಿಂದಿನ ಸಾಲಿಗೆ ಕೈ ಹಾಕುತ್ತಲೂ ಇರಲಿಲ್ಲ. ಡಿಸ್ಕ್ ಬೇಕಾದರೆ ಪಕ್ಕದ ಬೀದಿಯ ಅಂಗಡಿಗೆ ಹೋಗಿ ಬಂದರಾಗುತ್ತಿತ್ತು. ಈಗ ಅಲ್ಲಿನ ಕಪಾಟುಗಳು ಬಣಗುಟ್ಟುತ್ತಿವೆ. ಎಐ ಎಂಬ ಮಾತಾಡುವ ಯಂತ್ರ ಮಾಡುವ ದೊಡ್ಡ ದೊಡ್ಡ ಕಂಪನಿಗಳಿಗೆ ಎಷ್ಟು ಡಿಸ್ಕ್ ಸುರಿದರೂ ಸಾಲದಂತೆ, ಕಾರ್ಖಾನೆಯಿಂದ ಹೊರಬೀಳುವ ಮೊದಲೇ ಗೋದಾಮುಗಟ್ಟಲೆ ಬಾಚಿಕೊಳ್ಳುತ್ತಾರಂತೆ. ಉಳಿದ ಚೂರುಪಾರಿಗೆ ಚಿನ್ನದ ಬೆಲೆ. ಹೋದ ವಾರ ಬಾಮೈದ ಕೇಳಲು ಹೋದಾಗ ಅಂಗಡಿಯವನು, “ಡಿಸ್ಕ್ ಒಂದು ಬಿಟ್ಟು ಏನಾದ್ರೂ ಕೇಳಿ ಸ್ವಾಮಿ. ಬೇಕಿದ್ರೆ ನಮ್ಮತ್ತೇನ ಕರ್ಕೊಂಡ್ಹೋಗಿ, ನನ್ನ ಮದುವೆಯಾದಾಗಿನಿಂದ ನಾನಾಡಿದ ಒಂದು ಮಾತನ್ನೂ ತಲೆಯಿಂದ ಅಳಿಸಿಲ್ಲ ಅವರು” ಅಂದಿದ್ದ. ಬಾಮೈದ ನಕ್ಕು, ಬರಿಗೈಯಲ್ಲಿ ಬಂದು, ಸ್ಟುಡಿಯೋದ ಕಪಾಟು ತಡಕಿದ. ಮದುವೆ ಬೆನ್ನಿಗೆ ಮದುವೆ ಇತ್ತು. ಹಿಂದಿನ ಸಾಲಿನಲ್ಲಿ ಇದು ಸಿಕ್ಕಿತು. ಅಳಿಸಿ ಎರಡು ಮದುವೆ ತುಂಬಿದ.

“ಸುಮ್ಮನೆ ಅಳಿಸಲಿಲ್ಲ ಭಾವ, ತೆರೆದು ನೋಡ್ದೆ,” ಅಂದ ಬಾಮೈದ. “ಬರೀ ಖಾಲಿ ಕುರ್ಚಿ. ಸಾಲಿಗೆ ಸಾಲು ಖಾಲಿ ಕುರ್ಚಿ ಚಿತ್ರ. ಕೆಲಸಕ್ಕೆ ಬಾರದ ಚೂರುಗಳು ಅಂದ್ಕೊಂಡೆ.”

“ಓಡಿಸಿ ನೋಡ್ಲಿಲ್ವಾ?”

“ಇಲ್ಲ.”

ಫೋಟೋಗ್ರಾಫರ್ ತಲೆಯಾಡಿಸಿದ. ಹೇಳಬೇಕಾದ್ದನ್ನು ನಿಧಾನವಾಗಿ ಹೇಳಿದ. ಊರಿನ ಅಷ್ಟೂ ಮದುವೆಗಳಲ್ಲಿ ದೀಪ ಹಿಡಿದವಳು ಅವನ ಹೆಂಡತಿ, ಹಾಗಾಗಿ ಒಂದು ಮದುವೆಯ ಚಿತ್ರದಲ್ಲೂ ಅವಳಿಲ್ಲ. ಆದರೆ ಜನ ಬರುವ ಮೊದಲು ಬೆಳಕು ಸರಿ ಮಾಡಿಕೊಳ್ಳಬೇಕಲ್ಲ, ಮದುಮಗಳ ಕುರ್ಚಿಯಲ್ಲಿ ಯಾರಾದರೂ ಕೂರಬೇಕಲ್ಲ. ಇವನು ಕ್ಯಾಮೆರಾ ಓಡಿಸಿದ ಮೇಲೆ ಅವಳು ದೀಪ ನಿಲ್ಲಿಸಿ, ಸುತ್ತು ಹಾಕಿ ಬಂದು, ಉಸ್ಸೆಂದು ಕೂರುತ್ತಿದ್ದಳು. ಅದಕ್ಕೇ ಪ್ರತಿಯೊಂದರ ಮೊದಲಲ್ಲೂ ಖಾಲಿ ಕುರ್ಚಿ. ಒಂದರಲ್ಲಿ ಮದುಮಗಳ ಹಾಗೆ ತಲೆ ತಗ್ಗಿಸಿ ಕಣ್ಣು ಮಿಟುಕಿಸಿದ್ದಳು. ಒಂದರಲ್ಲಿ ದಣಿದು, ಬಾಯಿ ತೆರೆದು ನಿದ್ದೆ ಹೋಗಿದ್ದಳು. ಮದುವೆ ಜೋಡಿಸುವ ಮೊದಲೇ ಆ ತುಣುಕುಗಳನ್ನು ಕತ್ತರಿಸಿ ಅವನು ಇದರಲ್ಲಿ ಎತ್ತಿಡುತ್ತಿದ್ದ.

ಅಕ್ಕನ ಕಂಕುಳಲ್ಲೇ ಬೆಳೆದವನು ಬಾಮೈದ. ಗೋಡೆಗೆ ಒರಗಿ ನಿಂತ. ಕೇಳಿದ, “ಅಕ್ಕ ಮಾತಾಡಿದ್ಲಾ ಅದ್ರಲ್ಲಿ?”

“ಎಲ್ಲದ್ರಲ್ಲೂ ಒಂದೇ ಮಾತು. ‘ಬೆಳಕು ಸರಿಯಾಯ್ತಲ್ಲ, ಇನ್ನು ನನ್ನ ಅಳಿಸಿಬಿಡಿ. ಸುಮ್ನೆ ಜಾಗ ತಿನ್ತೀನಿ.’”

ಅಳಿಸಿದ್ದನ್ನು ವಾಪಸ್ ತೆಗೆಯುವವರು ಇದ್ದಾರಂತಲ್ಲ, ಕೊಟ್ಟು ನೋಡೋಣ ಅಂದ ಬಾಮೈದ. ಮೇಲೆ ಎರಡು ಮದುವೆ ತುಂಬಿದ ಮೇಲೆ ಕೆಳಗೆ ಏನೂ ಉಳಿದಿರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಆ ಮನೆಯವರ ಮದುವೆಯೂ ಅವರಿಗೆ ಒಂದೇ ಸಲ ಅಲ್ಲವೇ ಎಂದು ಫೋಟೋಗ್ರಾಫರ್ ಎದ್ದ. ಎರಡು ಮನೆಗಳ ಹೆಸರು ಬರೆದು ಚೀಟಿ ಮಾಡಿ, ಜಜ್ಜಿದ ಮೂಲೆಯ ಪಕ್ಕಕ್ಕೆ ಅಂಟಿಸಿ, ಹೆಬ್ಬೆರಳಿನಿಂದ ಒತ್ತಿ ಹಿಡಿದ. ಅಂಟಿದ ಮೇಲೂ ಬಹಳ ಹೊತ್ತು ಬೆರಳು ತೆಗೆಯಲಿಲ್ಲ.

ಮರುದಿನ ಇನ್ನೊಂದು ಮದುವೆ. ಸಭಾಂಗಣದಲ್ಲಿ ಇನ್ನೂ ಯಾರೂ ಇರಲಿಲ್ಲ. ಬಾಮೈದ ದೀಪ ನಿಲ್ಲಿಸಿ, ಅಕ್ಕ ಹೋದ ಮೇಲೆ ಎರಡು ವರ್ಷದಿಂದ ಮಾಡಿಕೊಂಡು ಬಂದ ಹಾಗೆ, ಮದುಮಗಳ ಕುರ್ಚಿಯಲ್ಲಿ ಕೂರಲು ಹೊರಟ. ಫೋಟೋಗ್ರಾಫರ್ ಕೈಯೆತ್ತಿ ತಡೆದ. ಕ್ಯಾಮೆರಾದ ಕೆಂಪು ಚುಕ್ಕೆ ಹೊತ್ತಿತ್ತು. ಎದುರಿಗೆ ಕುರ್ಚಿ, ಅದರ ಮೇಲೆ ಬೆಳಕು. ಇಬ್ಬರೂ ನೋಡುತ್ತ ನಿಂತರು. ಹೊರಗೆ ಕಾರುಗಳು ಬಂದು ನಿಲ್ಲುವ ಸದ್ದಾಯಿತು.

“ಭಾವ,” ಬಾಮೈದ ಮೆಲ್ಲಗೆ ಅಂದ, “ಖಾಲಿ ಉಳಿದಿರೋ ಡಿಸ್ಕ್ ಇದೊಂದೇ. ಜಾಗ ತಿನ್ನುತ್ತೆ.”

“ತಿನ್ನಲಿ.”