ಗೋಡೆಯ ಮೇಲಿನ ದೊಡ್ಡಪ್ಪ

ಓಮದ ವಾಸನೆ ಬಂದರೆ ಇಂದಿಗೂ ಮಧುಗಿರಿಯ ನಮ್ಮ ನಡುಮನೆಯ ಗೋಡೆ ಕಣ್ಮುಂದೆ ಬರುತ್ತದೆ.

ಪಂಚಾಂಗದ ಕೊನೆಯ ಪುಟದಲ್ಲಿ ಮಕ್ಕಳ ಔಷಧಿಯ ಜಾಹೀರಾತೊಂದಿತ್ತು. ಅದರಲ್ಲಿ ನಗುತ್ತಿದ್ದ ಗುಂಡು ಮಗುವಿನ ಚಿತ್ರವನ್ನು ಅಜ್ಜಿ ಕತ್ತರಿಸಿ, ಶಿವನ ಪಟಕ್ಕೂ ಮಹಾರಾಜರ ಪಟಕ್ಕೂ ನಡುವೆ ಅನ್ನದ ಅಗುಳಿನಿಂದ ಅಂಟಿಸಿದ್ದಳು. ದಿನಾ ಪೂಜೆಯಾದ ಮೇಲೆ ಅದರ ಹಣೆಗೂ ವಿಭೂತಿ ಇಡುತ್ತಿದ್ದಳು.

"ನಿಮ್ಮ ದೊಡ್ಡಪ್ಪ ಕಣಮ್ಮ. ಆರು ತಿಂಗಳಿಗೇ ಹೋಗ್ಬುಟ್ಟ," ಅನ್ನುತ್ತಿದ್ದಳು. ನಾನು ನಂಬಿದ್ದೆ.

ಒಂದು ಮಧ್ಯಾಹ್ನ ಅಪ್ಪನ ಜೊತೆ ಪೇಟೆಗೆ ಹೋದೆ. ಓಮದ ವಾಸನೆಯ ಅಂಗಡಿಯೊಂದರಲ್ಲಿ ಔಷಧಿ ಸೀಸೆಗಳು ಸಾಲಾಗಿ ನಿಂತಿದ್ದವು. ಒಂದೊಂದರ ಮೇಲೂ ಅದೇ ಮಗು!

ಮನೆಗೆ ಬಂದವಳೇ ಕೂಗಿದೆ: "ಅಜ್ಜೀ, ಅದು ದೊಡ್ಡಪ್ಪ ಅಲ್ಲ! ಅಂಗಡಿ ತುಂಬಾ ಅದೇ ಮಗು ಐತೆ!"

ಅಜ್ಜಿ ರಾಗಿ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟಳು. ಗೋಡೆಯ ಮೇಲಿನ ಮಗುವಿನ ಕಡೆ ನೋಡಿ ಕೇಳಿದಳು:

"ಅಲ್ಲೂ ಇಂಗೇ ನಗ್ತಾ ಅವ್ನಾ?"