ಬಲೆಗೆ ಬಂದದ್ದು

ಬಲೆಗೆ ಸಿಕ್ಕ ಪ್ಲಾಸ್ಟಿಕ್ಕನ್ನು ಊರವರೆಲ್ಲ ಮತ್ತೆ ಕಡಲಿಗೇ ಎಸೆಯುತ್ತಿದ್ದರು. ಗುಲಾಬಿಯ ಗಂಡ ಮಾತ್ರ ಅದನ್ನು ಹೆಕ್ಕಿ ದಡಕ್ಕೆ ತಂದು ಎಲ್ಲರ ನಗೆಗೆ ಗುರಿಯಾಗುತ್ತಿದ್ದ.

ಅವನು ತೀರಿಕೊಂಡಾಗ ಮಗ ಸುಡುಗಾಡಿನಿಂದ ಬೂದಿಯನ್ನು ಜವಳಿ ಅಂಗಡಿಯ ಹಳದಿ ಕವರಿನಲ್ಲಿ ಕಟ್ಟಿ ತಂದ.

"ಕವರ್ ಬಿಚ್ಚಿ ಬರೀ ಬೂದಿ ನೀರಿಗೆ ಬಿಡ್, ಮಗಾ. ಅಪ್ಪಯ್ಯಂಗೆ ಪ್ಲಾಸ್ಟಿಕ್ ಕಂಡ್ರೆ ಆತಿರ್ಲಿಲ್ಲ."

ಮಗ ದೋಣಿಯಲ್ಲಿ ಹೋಗಿ ಬೇಗನೆ ಹಿಂದಿರುಗಿದ.

"ಬಿಟ್ಯಾ?"

"ಹೂಂ. ಗಾಳಿ ಜೋರಿತ್ ಅಮ್ಮ. ಅಪ್ಪಯ್ಯ ಕಡಲಿಗೆ ಸೇರ್ದ."

ವಾರ ಕಳೆದು ಊರವರು ದಡಕ್ಕೆ ಬಲೆ ಎಳೆದರು. ಮೀನು ಹೆಕ್ಕುತ್ತಿದ್ದ ಗುಲಾಬಿಯ ಕೈಗೆ ಬಂಗುಡೆಗಳ ನಡುವೆ ಹಳದಿ ಕವರೊಂದು ಸಿಕ್ಕಿತು.

"ಮತ್ತೆ ಪ್ಲಾಸ್ಟಿಕ್ಕಾ? ಕಡಲಿಗೇ ಬಿಸಾಡ್," ಎಂದ ಮಗ, ತಿರುಗಿಯೂ ನೋಡದೆ.

ಗುಲಾಬಿ ಗಂಟು ಬಿಚ್ಚಿದಳು. ಒಳಗಿನ ಬೂದಿ ಒಂದಿಷ್ಟೂ ಒದ್ದೆಯಾಗಿರಲಿಲ್ಲ.