ತೆರೆದ ಮ್ಯಾನ್‌ಹೋಲ್

"ಮ್ಯಾನ್‌ಹೋಲಿನ ಮುಚ್ಚಳ ತೆಗೆದು ಬಂದೆ. ಇನ್ನ ನೀರು ಇಳೀತೈತಿ ನೋಡು," ಎನ್ನುತ್ತ ಪದ್ಮನಾಭ ಹಾರೆಯನ್ನು ಮೂಲೆಗೆ ಒರಗಿಸಿದ. ಮಧ್ಯಾಹ್ನದ ಮಳೆಗೆ ತಾರ್ನಾಕದ ಆ ಗಲ್ಲಿಯಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಮುಳುಗಿದ್ದ ಅವನ ಮನೆಯ ಮೆಟ್ಟಿಲು ಈಗ ಕಾಣತೊಡಗಿತ್ತು.

ವೇದವತಿ ಗಂಡನಿಗೆ ಟವೆಲ್ ಕೊಟ್ಟಳು. "ಅಲ್ಲಿ ಏನಾರ ಗುರ್ತು ಇಟ್ಟು ಬಂದೀರೇನ್ರಿ?"

"ಎಂಥಾ ಗುರ್ತು?"

"ನೀರಾಗ ತೂತು ಕಾಣಂಗಿಲ್ಲಲ್ರಿ. ಸಂಪದಾ ಕಾಲೇಜಿಂದ ಬರೋ ಹೊತ್ತಾತು."

ಟವೆಲ್ ಕೆಳಗೆ ಬಿತ್ತು. ಪದ್ಮನಾಭ ಬರಿಗಾಲಲ್ಲೇ ಓಡಿದ. ಗಲ್ಲಿಯ ತಿರುವಿನಲ್ಲಿ ಮಗಳ ಛತ್ರಿ ಕಂಡಿತು. ಸೀದಾ ತೂತಿನ ಕಡೆಗೇ ಬರುತ್ತಿತ್ತು. ಅವನ ಕಣ್ಣಿಗೆ ಮತ್ತೇನೂ ಕಾಣಲಿಲ್ಲ. ಕೂಗಲು ಬಾಯಿ ತೆರೆಯುವಷ್ಟರಲ್ಲಿ ಬೇರೊಂದು ದನಿ ಕೇಳಿತು.

"ಏ ಹುಡುಗಿ, ನಿಂದ್ರ ಅಲ್ಲೇ! ಗ್ವಾಡಿ ಹಿಡ್ಕೊಂಡು ಬಾ!"

ಕೂಗಿದವಳು ಎದುರುಮನೆಯ ಗಂಗೂಬಾಯಿ. ಬಟ್ಟೆ ಒಣಹಾಕುವ ಗಳವನ್ನು ತೂತಿಗೆ ಇಳಿಬಿಟ್ಟು, ತುದಿಗೆ ತನ್ನ ಕೆಂಪು ಲಂಗ ಕಟ್ಟಿ, ಎರಡೂ ಕೈಯಿಂದ ಹಿಡಿದು ನೀರಿನಲ್ಲಿ ನಿಂತಿದ್ದಳು. ಸಂಪದಾ ಗೋಡೆ ಹಿಡಿದು ಬಳಸಿ ಬಂದಳು. "ಯಾಕಪ್ಪಾ, ಹಿಂಗ್ಯಾಕ ನಿಂತಿ?" ಎಂದು ಕೇಳಿ ಮನೆಯೊಳಗೆ ಹೋದಳು.

ಪದ್ಮನಾಭ ಕಾಂಪೌಂಡಿಗೆ ಒರಗಿ ಉಸಿರು ಬಿಟ್ಟ. "ದೇವರು ದೊಡ್ಡಾಂವ."

"ದೇವರು ಆಮ್ಯಾಲೆ. ಹಾದಿಯಾಗ ಬಾವಿ ತೆರೆದಿಟ್ಟು ಮನಿಯಾಗ ಕುಂತೀರಲ್ಲ, ಬುದ್ಧಿ ಐತೇನ್ರಿ ನಿಮಗ?"

"ಕಾರ್ಪೊರೇಶನ್ ಆಫೀಸಿಗೆ ಫೋನ್ ಮಾಡೀನ್ರಿ, ಬರ್ತೀವಿ ಅಂದಾರ. ಟ್ಯಾಕ್ಸ್ ಕಟ್ತೀನಿ, ತಪ್ಪದ ಓಟು ಹಾಕ್ತೀನಿ. ಇನ್ನೇನ್ ಮಾಡ್ಬೇಕ್ರಿ ನಾನು?"

"ಇದನ್ನ ಹಿಡೀಬೇಕು. ಒಲಿ ಮ್ಯಾಲ ಹಾಲಿಟ್ಟು ಬಂದೀನಿ." ಗಳವನ್ನು ಅವನ ಕೈಗೆ ತುರುಕಿ ಗಂಗೂಬಾಯಿ ಹೊರಟೇ ಹೋದಳು.

ಒಳಗೆ ತಾಯಿ ಮಗಳು ಏನೋ ಹೇಳಿಕೊಂಡು ಜೋರಾಗಿ ನಗುತ್ತಿದ್ದರು. ತನ್ನನ್ನು ನೋಡಿಯೇ ನಗುತ್ತಿರಬೇಕು. ನಗಲಿ. ಆ ನಗೆ ಕೇಳುತ್ತ ಲಂಗ ಹಿಡಿದು ಎಷ್ಟು ಹೊತ್ತಾದರೂ ನಿಲ್ಲಬಹುದು ಅನ್ನಿಸಿತು ಪದ್ಮನಾಭನಿಗೆ.

ನೀರು ಸೀಳಿಕೊಂಡು ಬಂದ ಬೈಕಿನವನೊಬ್ಬ ಗಕ್ಕನೆ ನಿಲ್ಲಿಸಿದ. ಯಾವ ಕತ್ತೆ ಇದರ ಮುಚ್ಚಳ ತೆಗೆದದ್ದು ಎಂದು ಹಿಂದಿಯಲ್ಲಿ ಕೂಗಾಡಿದ.

"ಮೈಂ," ಎಂದು ಒಪ್ಪಿಕೊಂಡ ಪದ್ಮನಾಭ ಗೋಡೆಯ ಬದಿ ತೋರಿಸಿದ. "ಬಾಜೂಸೇ ಜಾವ್."